ಹಬ್ಬದ ವಾರ ಪೂರ್ತಿ ಹೆಂಡತಿ ಆಸ್ಪತ್ರೆಯಲ್ಲಿ: ಇಂಥ ಹೊತ್ತು ಕಳೆದವರು ಹೇಳಿ

ಪಕ್ಕದ ಕುರ್ಚಿ

ನನ್ನ ಹೆಂಡತಿಗೆ ರಕ್ತದ ಕ್ಯಾನ್ಸರ್. ಎರಡನೇ ಸುತ್ತಿನ ಕೀಮೋ ಆದಮೇಲೆ ಕೌಂಟ್, ಅಂದ್ರೆ ರಕ್ತಕಣಗಳ ಎಣಿಕೆ, ಪೂರ್ತಿ ಬಿದ್ದು, ಜ್ವರ ಬಂದು, ಈಗ ಬೇರೆ ರೂಮಿನಲ್ಲಿ ಇಟ್ಟಿದ್ದಾರೆ. ಪ್ರಜ್ಞೆ ಇದೆ, ಮಾತಾಡ್ತಾಳೆ, ಆದರೆ ಸ್ವಲ್ಪ ಹೊತ್ತಿಗೇ ಸುಸ್ತು. ಡಾಕ್ಟರು "ಸೀರಿಯಸ್ಸೇ, ಆದ್ರೆ ಔಷಧ ನಾಟ್ತಾ ಇದೆ" ಅಂತಾರೆ. ಮಾತಿನ ಮೊದಲರ್ಧ ಹಿಡ್ಕೊಂಡ್ರೆ ನಿದ್ದೆ ಇಲ್ಲ, ಎರಡನೇ ಅರ್ಧ ಹಿಡ್ಕೊಳ್ಳೋಕೆ ಧೈರ್ಯ ಇಲ್ಲ.

ಮುಂದಿನ ವಾರ ಹಬ್ಬ, ಜೊತೆಗೆ ಸಾಲು ರಜೆ. ಮನೇಲಿ ಎರಡು ಮಕ್ಕಳು, ದೊಡ್ಡವಳು ಹೈಸ್ಕೂಲು, ಚಿಕ್ಕವನು ಎರಡನೇ ಕ್ಲಾಸು. ನಮ್ಮತ್ತೆ ನೋಡ್ಕೊಳ್ತಿದ್ದಾರೆ. ನೆಂಟರೆಲ್ಲ "ಹಬ್ಬದ ದಿನ ಅವಳು ಒಂಟಿ ಆಗಬಾರದು, ಎಲ್ಲರೂ ಬರ್ತೀವಿ" ಅಂತ ಫೋನ್ ಮಾಡ್ತಿದ್ದಾರೆ. ಇವಳು ನೋಡಿದ್ರೆ "ನೀವು ಮನೆಗೆ ಹೋಗಿ ಮಕ್ಕಳ ಜೊತೆ ಹಬ್ಬ ಮಾಡಿ, ನನಗೇನೂ ಬೇಜಾರಿಲ್ಲ" ಅಂತಾಳೆ. ನೋಡ್ತಿರೋ ಡಾಕ್ಟರು ರಜೆ ಮೇಲೆ ಹೋಗ್ತಾರಂತೆ.

ರೂಮಿಗೇ ಹಬ್ಬ ತರೋದಾ? ಅದನ್ನ ಪೂರ್ತಿ ಮರೆತುಬಿಡೋದಾ? ಮಕ್ಕಳನ್ನ ಕರೆತರೋದಾ? ಯಾವುದಕ್ಕೂ ಉತ್ತರ ಹೊಳೀತಿಲ್ಲ. ಅನುಭವ ಇರೋರು ಹೇಳಿ. "ಧೈರ್ಯವಾಗಿರಿ" ಅನ್ನೋದು ಬೇಡ, ಅದು ಬೇಕಾದಷ್ಟು ಸ್ಟಾಕ್ ಇದೆ.

ಕಡ್ಡಿಮುರಿದಂಗೆ

ನೆಂಟರಿಗೆ ಇವತ್ತೇ ಬೇಡ ಅನ್ನಿ. ಕೌಂಟ್ ಬಿದ್ದಿರೋ ರೂಮಿಗೆ ಹತ್ತು ಜನ ನುಗ್ಗೋದು ಪ್ರೀತಿ ಅಲ್ಲ, ಇನ್ಫೆಕ್ಷನ್ನು.

ಬೇಸಿಗೆಮಳೆ

ಅಣ್ಣ, "ನೀವು ಹೋಗಿ, ನನಗೇನೂ ಬೇಜಾರಿಲ್ಲ" ಅನ್ನೋ ಮಾತಿನ ಬಗ್ಗೆ ಮಾತ್ರ ಹೇಳ್ತೀನಿ. ನಮ್ಮೆಜಮಾನ್ರು ಇದ್ದಾಗ ಅವರೂ ಇದನ್ನೇ ಹೇಳ್ತಿದ್ರು. ಮಲಗಿರೋರಿಗೆ ತಾವು ಹೊರೆ ಆಗಿಬಿಟ್ವಿ ಅನ್ನೋ ಸಂಕೋಚ ಸದಾ ಕಾಡ್ತಾ ಇರುತ್ತೆ. "ಹೋಗಲಾ, ಇರಲಾ?" ಅಂತ ಕೇಳಿದ್ರೆ "ಹೋಗಿ" ಅಂತಾನೇ ಬರೋದು. "ಇರಿ" ಅನ್ನೋದು ಅವರಿಗೆ ಕೈಚಾಚಿ ಬೇಡಿದ ಹಾಗೆ.

ಅದಕ್ಕೇ ನಾನು ಪ್ರಶ್ನೆಯನ್ನೇ ಬದಲಾಯಿಸಿದೆ. "ಹಬ್ಬದ ದಿನ ಬೆಳಗ್ಗೆ ಇರ್ಲೋ, ಸಾಯಂಕಾಲ ಇರ್ಲೋ?" ಅಂತ ಕೇಳಿದೆ. ತಕ್ಷಣ "ಸಾಯಂಕಾಲ" ಅಂದ್ರು. ಬೆಳಗ್ಗೆ ಹೇಗೂ ರೌಂಡ್ಸು, ರಕ್ತ ತೆಗೆಯೋದು, ಬೆಡ್‌ಶೀಟ್ ಬದಲಾಯಿಸೋದು ಅಂತ ಯಾರಾದ್ರೂ ಬರ್ತಾ ಹೋಗ್ತಾ ಇರ್ತಾರೆ. ವಿಸಿಟರ್ಸ್ ಎಲ್ಲ ಹೊರಟ ಮೇಲೆ ವಾರ್ಡು ಖಾಲಿ ಖಾಲಿ ಆಗುತ್ತಲ್ಲ, ಅವರಿಗೆ ಹೆದರಿಕೆ ಇದ್ದಿದ್ದು ಆ ಹೊತ್ತಿಗೆ. ಇಷ್ಟು ದಿನ ಪಕ್ಕದಲ್ಲೇ ಕೂತಿದ್ರೂ ನನಗೆ ಅದು ಗೊತ್ತಿರ್ಲಿಲ್ಲ.

ಹಬ್ಬ ಬೇಕಾ ಬೇಡವಾ ಅನ್ನೋದನ್ನೂ ಹೀಗೇ ಕೇಳಿ. ಹಬ್ಬ ಅನ್ನೋದನ್ನ ಇಡಿಯಾಗಿ ಮುಂದಿಟ್ರೆ ಯಾರಿಗಾದ್ರೂ ಸುಸ್ತಾಗುತ್ತೆ. "ಹಬ್ಬದಲ್ಲಿ ನಿಂಗೆ ಯಾವುದು ತಪ್ಪಿಸ್ಕೊಳ್ಳೋಕೆ ಇಷ್ಟ ಇಲ್ಲ, ಒಂದು ಹೇಳು" ಅನ್ನಿ.

ರಾತ್ರಿಪಾಳಿ

ಸರ್, ನಾನು ವಾರ್ಡ್ ನರ್ಸ್, ಹಬ್ಬದ ಡ್ಯೂಟಿ ಮಾಡಿ ಮಾಡಿ ರೂಢಿ ಆಗಿರೋಳು. ಮನಸ್ಸಿನ ವಿಷಯ ಬೇರೆಯವರು ಬರೀತಾರೆ, ನಾನು ಕೆಲಸದ ವಿಷಯ ಬರೀತೀನಿ.

ರಜೆ ಅಂತ ಆಸ್ಪತ್ರೆ ನಿಲ್ಲೋದಿಲ್ಲ, ಆದರೆ ನಿಧಾನ ಆಗುತ್ತೆ. ತುರ್ತು ಕೆಲಸ ನಡೆಯುತ್ತೆ. ಮೊದಲೇ ದಿನ ಗೊತ್ತು ಮಾಡಿದ್ದ ಸ್ಕ್ಯಾನು, ಫಿಸಿಯೋಥೆರಪಿ, ಕೌನ್ಸೆಲಿಂಗು, ಇನ್ಶೂರೆನ್ಸ್ ಕೌಂಟರು ಇವೆಲ್ಲ ಮುಂದಕ್ಕೆ ಹೋಗೋದು ಸಾಮಾನ್ಯ. ಹಬ್ಬದ ಹಿಂದಿನ ದಿನ ಬೆಳಗಿನ ರೌಂಡ್ಸ್‌ನಲ್ಲಿ ನಿಮ್ಮ ಡಾಕ್ಟರನ್ನ ಹಿಡ್ಕೊಳ್ಳಿ. ಸಂಜೆಗೆ ಅಂತ ಬಿಟ್ರೆ ಅವರು ಸಿಗಲ್ಲ. ನಿಮ್ಮ ಬದಲು ನೋಡೋದು ಯಾರು, ಅವರಿಗೆ ಕೇಸ್ ಪೂರ್ತಿ ಹೇಳಿದೀರಾ, ಈ ಮೂರ್ನಾಲ್ಕು ದಿನದಲ್ಲಿ ಯಾವ ರಿಪೋರ್ಟ್ ಬರಬೇಕು, ಅದು ಕೆಟ್ಟದಾಗಿ ಬಂದ್ರೆ ಮುಂದಿನ ಹೆಜ್ಜೆ ಏನು, ಇಷ್ಟನ್ನ ಕೇಳಿ. ಫೈಲ್‌ನಲ್ಲಿ ಬರೆಸಿ. ರಕ್ತ ಅಥವಾ ಪ್ಲೇಟ್‌ಲೆಟ್ ಬೇಕಾಗಬಹುದು ಅಂದ್ರೆ ದಾನಿಗಳ ವಿಷಯ ಮೊದಲೇ ವಿಚಾರಿಸಿ. ಪ್ಲೇಟ್‌ಲೆಟ್ ಐದಾರು ದಿನಕ್ಕಿಂತ ಹೆಚ್ಚು ಇಡೋಕಾಗಲ್ಲ, ಸಾಲು ರಜೆಯಲ್ಲಿ ದಾನಿಗಳೂ ಕಡಿಮೆ.

ಇನ್ನು ರೂಮಿನ ಒಳಗೆ. ನ್ಯೂಟ್ರೋಫಿಲ್ (ಸೋಂಕಿನ ಜೊತೆ ಹೋರಾಡೋ ಬಿಳಿ ರಕ್ತಕಣ) ಎಣಿಕೆ 500ಕ್ಕಿಂತ ಕೆಳಗೆ ಇಳಿದವರಿಗೆ ಸೋಂಕು ಬಂದ್ರೂ ಕೀವು, ಕೆಂಪು, ಊತ ಕಾಣದೇ ಇರಬಹುದು. ಎಷ್ಟೋ ಸಲ ಜ್ವರ ಒಂದೇ ಸುಳಿವು. ಆದ್ದರಿಂದ ತಲೆನೋವು ಮೈಕೈನೋವು ಅಂದ್ರೆ ನೀವಾಗೇ ಪ್ಯಾರಾಸಿಟಮಾಲ್ ಕೊಡಬೇಡಿ. ಜ್ವರ ಮುಚ್ಚಿಹೋಗುತ್ತೆ, ನಮಗೆ ಗೊತ್ತಾಗೋದೇ ಇಲ್ಲ. ಹೂವು, ಗಿಡದ ಕುಂಡ ತರಬೇಡಿ, ನೀರು ಮಣ್ಣಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಇರುತ್ತೆ. ತಿನ್ನೋದು ಏನೇ ಇದ್ರೂ ಕೇಳಿ ತನ್ನಿ. ಆಕ್ಸಿಜನ್ ಇರೋ ಕಡೆ ದೀಪ, ಮೇಣದಬತ್ತಿ, ಬೆಂಕಿಕಡ್ಡಿ ಖಂಡಿತ ಬೇಡ. ಬ್ಯಾಟರಿ ದೀಪ ಓಕೆ.

ನೆಗಡಿ ಇರೋರು ಬಾಗಿಲ ಹತ್ತಿರವೂ ಬರಬಾರದು. ಫ್ಲೂ ಬಂದವರು ಲಕ್ಷಣ ಕಾಣಿಸೋಕೆ ಒಂದು ದಿನ ಮುಂಚೆಯೇ ಹರಡೋಕೆ ಶುರುಮಾಡ್ತಾರೆ. ಅದಕ್ಕೇ "ನನಗೆ ಏನೂ ಆಗಿಲ್ಲ" ಅನ್ನೋ ನೆಂಟರನ್ನೂ ನಾವು ಪೂರ್ತಿ ನಂಬಲ್ಲ. ಕೈಗೆ ಸ್ಯಾನಿಟೈಸರ್ ಹಾಕಿದ್ರೆ 20–30 ಸೆಕೆಂಡು ಉಜ್ಜಬೇಕು. ಸೋಪು ನೀರಾದ್ರೆ 40–60 ಸೆಕೆಂಡು. ಭೇದಿ ಇದ್ರೆ ಸೋಪೇ ಬೇಕು, ಕೆಲವು ರೋಗಾಣುಗಳ ಬೀಜಕಣ ಸ್ಯಾನಿಟೈಸರ್‌ಗೆ ಜಗ್ಗಲ್ಲ.

ಇಷ್ಟೆಲ್ಲಾ "ಬೇಡ" ಕೇಳಿ ಬೇಜಾರಾಗಬೇಡಿ. ಫೋಟೋ, ಹಾಡು, ಒರೆಸೋಕಾಗೋ ಅಲಂಕಾರ, ಮನೆಯಿಂದ ಒಗೆದು ತಂದ ಹೊದಿಕೆ, ಇವನ್ನ ಸಾಮಾನ್ಯವಾಗಿ ನಾವು ತಡೆಯಲ್ಲ. ಶಿಫ್ಟ್ ಇನ್‌ಚಾರ್ಜ್ ಸಿಸ್ಟರನ್ನ ಒಂದು ಮಾತು ಕೇಳಿ, ಸಾಕು. ಹಬ್ಬದ ದಿನ ನಮಗೂ ರೂಮಿನಲ್ಲಿ ಏನಾದ್ರೂ ಕಂಡ್ರೆ ಖುಷಿಯೇ.

ಓಣಿಕೊನೆ

ನನ್ನ ಕೇಳಿದ್ರೆ ಹಬ್ಬವನ್ನೇ ಮುಂದಕ್ಕೆ ಹಾಕಿ. ಕ್ಯಾಲೆಂಡರ್ ಏನು ಪೊಲೀಸಾ? ಅವರು ಮನೆಗೆ ಬಂದ ವಾರ ಮಾಡಿ. ನಾವು ಹಾಗೇ ಮಾಡಿದ್ವಿ, ಮಕ್ಕಳಿಗೆ ಅದೇ ಎಲ್ಲಕ್ಕಿಂತ ಒಳ್ಳೇ ಹಬ್ಬ.

ಬೇಸಿಗೆಮಳೆ

@ಓಣಿಕೊನೆ ನಿಮಗೆ ಒಳ್ಳೇದಾಯ್ತು, ನಿಜಕ್ಕೂ ಸಂತೋಷ. ಆದರೆ ಎಲ್ಲರಿಗೂ ಆಮೇಲಿನ ವಾರ ಸಿಗಲ್ಲ. ನಮಗೆ ಸಿಗಲಿಲ್ಲ. ಅವತ್ತು ಸಾಯಂಕಾಲ ನಾವಿಬ್ಬರೂ ಏನೂ ಮಾಡಲಿಲ್ಲ, ಹಳೇ ಫೋಟೋ ನೋಡಿ ಯಾರ್ಯಾರನ್ನೋ ಆಡ್ಕೊಂಡು ನಕ್ಕಿದ್ದು ಅಷ್ಟೇ. ಮುಂದಕ್ಕೆ ಹಾಕಿದ್ದಿದ್ರೆ ಅದೂ ಇರ್ತಿರ್ಲಿಲ್ಲ. ಎರಡೂ ಮಾಡಿ ಅಂತೀನಿ, ಆ ದಿನಕ್ಕೆ ಚೂರು, ಆಮೇಲೆ ದೊಡ್ಡದು.

ಓಣಿಕೊನೆ

ಅಕ್ಕ, ಒಪ್ಪಿದೆ. ಹಗುರವಾಗಿ ಬರೆದುಬಿಟ್ಟೆ, ಬೇಜಾರು ಮಾಡ್ಕೋಬೇಡಿ.

ನೀಲಿಛತ್ರಿ

ನಮ್ಮಜ್ಜಿ ಯಾವಾಗಲೂ ಹೇಳೋರು, ಕಾಯಿಲೆಯವರು ಹಬ್ಬ ನೋಡಿಕೊಂಡೇ ಹೋಗ್ತಾರೆ, ಅಲ್ಲೀತನಕ ಜೀವ ಹಿಡ್ಕೊಂಡಿರ್ತಾರೆ ಅಂತ. ಹಬ್ಬ ಹತ್ತಿರ ಬಂದ್ರೆ ನನಗೆ ಅದೇ ಭಯ. ಅಪ್ಪ ಈಗ ಆಸ್ಪತ್ರೆಯಲ್ಲಿದ್ದಾರೆ.

ಓದುಬಾಕ

@ನೀಲಿಛತ್ರಿ ಈ ನಂಬಿಕೆ ಎಲ್ಲ ಕಡೆಯೂ ಇದೆ, ಸಂಶೋಧಕರೂ ಇದರ ಬೆನ್ನು ಹತ್ತಿದ್ದಾರೆ. 1990ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಚೀನೀ ಮೂಲದ ವಯಸ್ಸಾದ ಹೆಂಗಸರ ಮರಣ ದಾಖಲೆ ನೋಡಿದಾಗ, ಅವರ ಒಂದು ಮುಖ್ಯ ಹಬ್ಬದ ಹಿಂದಿನ ವಾರ ಸಾವು ಶೇ. 35ರಷ್ಟು ಕಡಿಮೆ, ಮುಂದಿನ ವಾರ ಹೆಚ್ಚುಕಡಿಮೆ ಅಷ್ಟೇ ಜಾಸ್ತಿ ಕಂಡಿತ್ತು. ಆ ವರದಿ ದೊಡ್ಡ ಸುದ್ದಿಯಾಯಿತು. ಆಮೇಲೆ 2004ರಲ್ಲಿ ಒಹಾಯೋ ರಾಜ್ಯದ 3 ಲಕ್ಷಕ್ಕೂ ಹೆಚ್ಚು ಕ್ಯಾನ್ಸರ್ ರೋಗಿಗಳ ಸಾವಿನ ದಿನಾಂಕಗಳನ್ನ ಕ್ರಿಸ್‌ಮಸ್, ಥ್ಯಾಂಕ್ಸ್‌ಗಿವಿಂಗ್ ಮತ್ತು ಅವರವರ ಹುಟ್ಟುಹಬ್ಬದ ಜೊತೆ ಹೋಲಿಸಿದರು. ಸಾವು ಮುಂದಕ್ಕೆ ಹೋದ ಗುರುತೇ ಸಿಗಲಿಲ್ಲ.

ಹಾಗಾಗಿ ಹಬ್ಬ ಮುಗಿದ ಮಾರನೇ ದಿನವನ್ನ ನೆನೆದು ಹೆದರಬೇಡಿ. ನನಗಂತೂ ಎರಡನೇ ಅಧ್ಯಯನ ನೆಮ್ಮದಿ ಕೊಟ್ಟಿತು. "ಇನ್ನೆರಡು ದಿನ ಹಿಡ್ಕೊಂಡಿದ್ರೆ ಆಗ್ತಿತ್ತು" ಅಂತ ಹೋದವರ ಮೇಲೆ ನಾವು ಹೊರಿಸೋ ಹೊಣೆ ಇದೆಯಲ್ಲ, ಅದು ಅವರದ್ದಲ್ಲ.

ಹಳೇರೋಗಿ

ಇಲ್ಲಿವರೆಗೆ ಕುರ್ಚಿಯಲ್ಲಿ ಕೂತವರೇ ಮಾತಾಡಿದ್ರಿ. ನಾನು ಹಾಸಿಗೆ ಮೇಲಿದ್ದೋಳು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಸಹಿಸ್ಕೊಳ್ಳಿ.

ಹಬ್ಬದ ದಿನ ನನ್ನನ್ನ ನೋಡೋಕೆ ಬಂದವರೆಲ್ಲ ಬಾಗಿಲಲ್ಲಿ ನಿಂತು ಒಂದು ಸಲ ಉಸಿರು ಎಳ್ಕೊಂಡು, ಮುಖಕ್ಕೆ ನಗು ಹಾಕ್ಕೊಂಡು ಒಳಗೆ ಬರೋರು. ಗಾಜಿನ ಬಾಗಿಲು, ನನಗೆ ಎಲ್ಲಾ ಕಾಣ್ತಿತ್ತು! ಅವರು ಅಷ್ಟು ಕಷ್ಟಪಟ್ಟು ನಗ್ತಿದ್ದಾರೆ ಅಂದಮೇಲೆ ನಾನೂ ನಗಬೇಕಲ್ಲ. ಅವರು ಹೋದಮೇಲೆ ಮಧ್ಯಾಹ್ನ ಪೂರ್ತಿ ನನಗೆ ಕಣ್ಣು ಬಿಡೋಕಾಗ್ತಿರ್ಲಿಲ್ಲ. ಕಾಯಿಲೆಯ ಸುಸ್ತು ಅಂದ್ರೆ ಮಲಗಿ ಎದ್ರೆ ಹೋಗೋ ಸುಸ್ತಲ್ಲ. ಮಾತು ಕೇಳಿಸ್ಕೊಳ್ಳೋದು, ಯಾರು ಏನಂದ್ರು ನೆನಪಿಟ್ಕೊಳ್ಳೋದು, ಉತ್ತರ ಹುಡುಕೋದು, ಎಲ್ಲದಕ್ಕೂ ಒಳಗಿಂದ ಸ್ವಲ್ಪ ಸ್ವಲ್ಪ ತೆಗೆದುಕೊಡಬೇಕು.

ನಮ್ಮೆಜಮಾನ್ರು ಒಬ್ಬರೇ ನಗು ಹಾಕ್ಕೊಳ್ದೇ ಬಂದಿದ್ದು. ಬಂದು ಕೂತು, ಮನೆ ವಾಷಿಂಗ್ ಮೆಷಿನ್ ಕೆಟ್ಟಿರೋದು, ರಿಪೇರಿಯವನು ಮೂರು ಸಲ ಸುಳ್ಳು ಹೇಳಿದ್ದು, ಮಗಳು ಲೆಕ್ಕದಲ್ಲಿ ಮಾರ್ಕ್ಸ್ ಬಚ್ಚಿಟ್ಟಿದ್ದು, ಇದನ್ನೇ ಗೊಣಗ್ತಿದ್ರು. ನನಗೆ ಅದೆಷ್ಟು ಹಿತ ಆಯ್ತು ಅಂದ್ರೆ! ನಾನಿನ್ನೂ ಆ ಮನೆಯ ಯಜಮಾನಿ, ನನ್ನ ಹತ್ತಿರ ಇನ್ನೂ ದೂರು ಹೇಳ್ಕೊಳ್ತಾರೆ. ಕೆಟ್ಟ ಸುದ್ದಿ ನನ್ನಿಂದ ಮುಚ್ಚಿಡೋಕೆ ಶುರುಮಾಡಿದ್ರೆ ನಾನು ಆ ಮನೆಯಿಂದ ಹೊರಗಾದ ಹಾಗೆ.

ಇನ್ನೊಂದು. ನಾನು ಒಂದು ಸಲ "ನಾನು ಇಲ್ಲದೇ ಹೋದ್ರೆ ಮಕ್ಕಳ ಸ್ಕೂಲು ಬದಲಾಯಿಸಬೇಡಿ" ಅಂದೆ. ಅತ್ತಿಗೆ ತಕ್ಷಣ "ಛೆ ಛೆ, ಹಬ್ಬದ ದಿನ ಅಂಥ ಮಾತಾಡ್ತಾರಾ" ಅಂದ್ಬಿಟ್ರು. ಅಲ್ಲಿಗೆ ಬಾಯಿ ಮುಚ್ಚಿದೆ. ಆಮೇಲೆ ಯಾರ ಹತ್ತಿರವೂ ಆ ವಿಷಯ ಎತ್ತಲಿಲ್ಲ. ಸರ್, ನಿಮ್ಮ ಮನೆಯವರು ಅಂಥದ್ದೇನಾದ್ರೂ ಹೇಳೋಕೆ ಬಂದ್ರೆ ದಿನ ಯಾವುದು ಅಂತ ನೋಡಬೇಡಿ. ಉತ್ತರ ಕೊಡೋದೂ ಬೇಕಿಲ್ಲ. "ಹೇಳು" ಅಂದ್ರೆ ಸಾಕು.

ಪಕ್ಕದ ಕುರ್ಚಿ

@ಹಳೇರೋಗಿ ಅಕ್ಕ, ಬಾಗಿಲಲ್ಲಿ ಉಸಿರು ಎಳ್ಕೊಂಡು ನಗು ಹಾಕ್ಕೊಳ್ಳೋ ಪೈಕಿ ನಾನೇ ಮೊದಲನೆಯವನು. ನಮ್ಮದೂ ಗಾಜಿನ ಬಾಗಿಲು.

@ರಾತ್ರಿಪಾಳಿ ಸಿಸ್ಟರ್, ನೀವು ಬರೆದಿದ್ದನ್ನ ಚೀಟಿ ಮಾಡ್ಕೊಂಡಿದ್ದೀನಿ. ಮಕ್ಕಳ ವಿಷಯ ಯಾರಾದ್ರೂ ಹೇಳ್ತೀರಾ?

ಕಡ್ಡಿಮುರಿದಂಗೆ

ಚಿಕ್ಕವನನ್ನ ತರಬೇಡಿ. ಪೈಪು, ಬೋಳುತಲೆ ನೋಡಿ ಹೆದರ್ಕೊಳ್ತಾನೆ. ಅಮ್ಮ ಹೇಗಿದ್ಲೋ ಹಾಗೇ ನೆನಪಲ್ಲಿ ಇರ್ಲಿ.

ಎರಡನೇಮಹಡಿ

@ಕಡ್ಡಿಮುರಿದಂಗೆ ಇದನ್ನ ನಾನು ಒಪ್ಪಲ್ಲ. ಮಗು ಕಾಣದೇ ಇರೋದನ್ನ ಕಂಡದ್ದಕ್ಕಿಂತ ಭಯಂಕರವಾಗಿ ಕಲ್ಪಿಸ್ಕೊಳ್ಳುತ್ತೆ. ನನ್ನ ಗಂಡ ಐಸಿಯುನಲ್ಲಿದ್ದಾಗ ಆರು ವರ್ಷದ ಮಗ ನನ್ನನ್ನ ಕೇಳಿದ್ದು "ನಾನು ಅಪ್ಪನ ಮೇಲೆ ಕೋಪ ಮಾಡ್ಕೊಂಡಿದ್ದೆ, ಅದಕ್ಕೇನಾ?" ಅಂತ. ಅಷ್ಟು ದಿನ ಅದನ್ನ ಒಳಗೇ ಇಟ್ಕೊಂಡಿತ್ತು ಪಾಪ. ಈ ವಯಸ್ಸಿನ ಮಕ್ಕಳು ಎಷ್ಟೋ ಸಲ ತಮ್ಮಿಂದಲೇ ಕಾಯಿಲೆ ಬಂತು ಅಂದ್ಕೊಳ್ತಾರೆ. "ನಿನ್ನಿಂದ ಅಲ್ಲ, ಮುಟ್ಟಿದ್ರೆ ನಿನಗೆ ಅಂಟಲ್ಲ, ನಿನ್ನನ್ನ ನೋಡ್ಕೊಳ್ಳೋಕೆ ಇಂಥವರು ಇದ್ದಾರೆ" ಈ ಮೂರು ಮಾತನ್ನ ಹಬ್ಬಕ್ಕೆ ಮುಂಚೆಯೇ ಬಾಯಿಬಿಟ್ಟು ಹೇಳಿ.

ಕರ್ಕೊಂಡು ಹೋಗೋದಾದ್ರೆ ಮೊದಲು ರೂಮಿನ ಫೋಟೋ ತೋರಿಸಿ. ಇದು ಔಷಧದ ನಳಿಕೆ, ಇದು ಬೀಪ್ ಅನ್ನೋ ಮೆಷಿನ್ನು, ಅಮ್ಮನ ಕೂದಲು ಔಷಧದಿಂದ ಉದುರಿದೆ ಅಂತ ಹೇಳಿ. "ಬರ್ತೀಯಾ?" ಅಂತ ಕೇಳಿ. ಬೇಡ ಅಂದ್ರೆ ಬೇಡ, ಒತ್ತಾಯ ಬೇಡ. ಬಂದ್ರೆ ಐದು ನಿಮಿಷ ಸಾಕು. ಹೊರಗೆ ಕರ್ಕೊಂಡು ಹೋಗೋಕೆ ಇನ್ನೊಬ್ಬರು ಜೊತೆಗಿರಲಿ, ಆಗ ನೀವು ನಿಮ್ಮವರ ಪಕ್ಕದಲ್ಲೇ ಇರಬಹುದು.

ನನ್ನವರಿಗೆ ವೆಂಟಿಲೇಟರ್ ಹಾಕಿದ್ರು, ಮಾತಿಲ್ಲ ಕತೆಯಿಲ್ಲ. ಮೂರನೇ ದಿನಕ್ಕೆ ಗೊಂದಲ ಶುರುವಾಯ್ತು, ನಾನ್ಯಾರು ಅಂತಾನೇ ಗೊತ್ತಾಗ್ತಿರ್ಲಿಲ್ಲ. ಅದಕ್ಕೆ ಡೆಲಿರಿಯಮ್ ಅಂತಾರೆ, ಐಸಿಯುನಲ್ಲಿ ತುಂಬಾ ಸಾಮಾನ್ಯವಂತೆ. ಕೆಲವರು ಕಿರುಚಾಡ್ತಾರೆ, ಇನ್ನು ಕೆಲವರು ಸುಮ್ಮನೆ ಮಂಕಾಗಿಬಿಡ್ತಾರೆ. ಮಂಕಾದವರನ್ನ ನೋಡಿ "ನಿದ್ದೆ ಮಾಡ್ತಿದ್ದಾರೆ" ಅಂದ್ಕೊಂಡುಬಿಡೋದು ಸುಲಭ, ಅನುಮಾನ ಬಂದ್ರೆ ತಕ್ಷಣ ಹೇಳಿ. ಸಿಸ್ಟರ್ ಹೇಳಿದ ಪ್ರಕಾರ ಕನ್ನಡಕ ತಂದುಕೊಟ್ಟೆ, ಗೋಡೆ ಗಡಿಯಾರ ಕಣ್ಣಿಗೆ ಕಾಣೋ ಹಾಗೆ ತಿರುಗಿಸಿದ್ವಿ, ಹಗಲು ಪರದೆ ಸರಿಸಿದ್ವಿ, ಹೋದಾಗೆಲ್ಲ "ನಾನು ನಿಮ್ಮ ಹೆಂಡತಿ, ಇವತ್ತು ಇಂಥ ವಾರ, ನೀವು ಆಸ್ಪತ್ರೆಯಲ್ಲಿದೀರ" ಅಂತ ಶುರುಮಾಡ್ತಿದ್ದೆ. ಹಬ್ಬದ ದಿನ "ಇವತ್ತು ಹಬ್ಬ" ಅಂತ ಸೇರಿಸಿದೆ ಅಷ್ಟೇ. ನಮ್ಮ ಆಚರಣೆ ಅಷ್ಟರಲ್ಲೇ ಮುಗೀತು. ಒಂದು ನೋಟ್‌ಬುಕ್ ಇಟ್ಟು ದಿನಾ ಎರಡು ಸಾಲು ಬರೀತಿದ್ದೆ, ಯಾರು ಬಂದ್ರು, ಏನಾಯ್ತು ಅಂತ. ಹುಷಾರಾದ ಮೇಲೆ ಅವರಿಗೆ ಆ ಹಬ್ಬದ ವಾರ ನೆನಪೇ ಇಲ್ಲ. ನೋಟ್‌ಬುಕ್ಕಿಂದ ಓದ್ಕೊಂಡ್ರು.

ಓದುಬಾಕ

ಮಾತಿಲ್ಲದವರ ಪಕ್ಕ ಸುಮ್ಮನೆ ಕೂರೋದ್ರಿಂದ ಏನು ಪ್ರಯೋಜನ ಅಂತ ಕೇಳೋರಿಗೆ ಒಂದು ವಿಷಯ. 2006ರಲ್ಲಿ 16 ಜನ ಮದುವೆಯಾದ ಹೆಂಗಸರನ್ನ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಸಣ್ಣ ಶಾಕ್ ಬರಬಹುದು ಅಂತ ಸೂಚನೆ ಕೊಟ್ಟು ಮಿದುಳನ್ನ ನೋಡಿದ್ರು. ಗಂಡನ ಕೈ ಹಿಡ್ಕೊಂಡಿದ್ದಾಗ ಅಪಾಯಕ್ಕೆ ಸ್ಪಂದಿಸೋ ಭಾಗಗಳು ಎದ್ದು ಕಾಣುವಷ್ಟು ಶಾಂತವಾಗಿದ್ದವು. ಅಪರಿಚಿತರ ಕೈಯಿಂದಲೂ ಸ್ವಲ್ಪ ಪ್ರಯೋಜನ ಆಯ್ತು, ಆದರೆ ಅಷ್ಟಲ್ಲ. ಸಣ್ಣ ಅಧ್ಯಯನ, ಅವರು ಆರೋಗ್ಯವಂತರು, ಆಸ್ಪತ್ರೆಗೆ ನೇರ ಅನ್ವಯಿಸೋಕಾಗಲ್ಲ. ಆದ್ರೂ ಕೈ ಹಿಡ್ಕೊಂಡು ಕೂತ್ಕೊಳ್ಳೋದನ್ನ "ಏನೂ ಮಾಡ್ತಿಲ್ಲ" ಅಂತ ನಾನು ಲೆಕ್ಕ ಹಾಕಲ್ಲ.

ಕಡ್ಡಿಮುರಿದಂಗೆ

@ಎರಡನೇಮಹಡಿ ನಿಮ್ಮ ಮಗ ಕೇಳಿದ ಪ್ರಶ್ನೆ ಓದಿ ಸುಮ್ಮನಾದೆ. ಮಕ್ಕಳ ವಿಷಯದಲ್ಲಿ ನಿಮ್ಮ ಮಾತೇ ಇರ್ಲಿ. ನೆಂಟರ ವಿಷಯದಲ್ಲಿ ನನ್ನದೇ.

ಮೂಲೆಮನೆ

ಶುಭಾಶಯದ ಮೆಸೇಜುಗಳ ಬಗ್ಗೆ ಯಾರೂ ಹೇಳಿಲ್ಲ. ಹಬ್ಬದ ಬೆಳಗ್ಗೆ ಫೋನ್ ನೋಡಿದ್ರೆ ಮಿಂಚೋ ಚಿತ್ರಗಳ ಸುರಿಮಳೆ. ಅದರ ಮಧ್ಯೆ "ಹೇಗಿದ್ದಾರೆ?" ಅನ್ನೋ ಇಪ್ಪತ್ತು ಪ್ರಶ್ನೆ. ಪ್ರತಿಯೊಬ್ಬರಿಗೂ ಅದೇ ರಿಪೋರ್ಟು ಟೈಪ್ ಮಾಡ್ತಾ ಮಾಡ್ತಾ ನನಗೆ ಜನರ ಮೇಲೇ ಸಿಟ್ಟು ಬಂತು, ಎಲ್ಲರೂ ಸುಖವಾಗಿದ್ದಾರಲ್ಲ ಅಂತ. ಹೊಟ್ಟೆಕಿಚ್ಚೇ, ಬೇರೆ ಹೆಸರು ಬೇಡ. ಕೊನೆಗೆ ನನ್ನ ತಂಗಿಗೆ ಆ ಕೆಲಸ ವಹಿಸಿದೆ. ದಿನಕ್ಕೆ ಒಂದು ಸಲ ಅವಳು ಎಲ್ಲರಿಗೂ ಹಾಕ್ತಾಳೆ, ನಾನು ಗ್ರೂಪುಗಳನ್ನ ಮ್ಯೂಟ್ ಮಾಡಿದೆ. ಸಹಾಯ ಮಾಡ್ತೀವಿ ಅನ್ನೋರನ್ನೂ ಅವಳ ಕಡೆಗೇ ತಳ್ಳಿ. "ಏನಾದ್ರೂ ಬೇಕಾದ್ರೆ ಹೇಳಿ" ಅನ್ನೋರಿಗೆ "ಶನಿವಾರ ಮಕ್ಕಳನ್ನ ಪಾರ್ಕಿಗೆ ಕರ್ಕೊಂಡು ಹೋಗಿ" ಅಂತ ಅವಳು ನೇರ ಹೇಳ್ತಿದ್ಲು. ನನಗೆ ಆ ಬಾಯಿ ಇರ್ಲಿಲ್ಲ.

ರಾತ್ರಿಪಾಳಿ

ಸರ್, ನಿಮ್ಮ ಬಿಪಿ ಶುಗರ್ ಮಾತ್ರೆ ಇದ್ರೆ ಆಸ್ಪತ್ರೆ ಬ್ಯಾಗಲ್ಲಿ ಇಟ್ಕೊಳ್ಳಿ. ರೋಗಿ ಜೊತೆಗಿರೋರೇ ತಲೆ ತಿರುಗಿ ಬಿದ್ದು ಕ್ಯಾಶುವಾಲ್ಟಿಗೆ ಕರ್ಕೊಂಡು ಹೋಗೋದು ನಮಗೆ ಹೊಸದಲ್ಲ.

ಓದುಬಾಕ

ಸಂಗಾತಿಯನ್ನ ನೋಡ್ಕೊಳ್ಳೋ ಹಿರಿಯರ ಮೇಲೆ 1999ರಲ್ಲಿ ಬಂದ ಅಧ್ಯಯನವೊಂದಿದೆ. ಆರೈಕೆಯಿಂದ ಒತ್ತಡ ಅನುಭವಿಸ್ತಿದ್ದವರಲ್ಲಿ ನಾಲ್ಕು ವರ್ಷದೊಳಗಿನ ಸಾವಿನ ಅಪಾಯ ಶೇ. 63ರಷ್ಟು ಹೆಚ್ಚಿತ್ತು. ಇದನ್ನ ಎಲ್ಲರೂ ಹೇಳ್ತಾರೆ. ಅದೇ ಅಧ್ಯಯನದಲ್ಲಿ ಆರೈಕೆ ಮಾಡ್ತಿದ್ರೂ ಒತ್ತಡ ಇಲ್ಲ ಅಂದವರಲ್ಲಿ ಆ ಏರಿಕೆ ಕಾಣಲಿಲ್ಲ ಅನ್ನೋದನ್ನ ಬಿಟ್ಟುಬಿಡ್ತಾರೆ. 2013ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಮನೆಯವರ ಆರೈಕೆ ಮಾಡೋರ ಸಾವಿನ ಪ್ರಮಾಣ ಬೇರೆಯವರಿಗಿಂತ ಕಡಿಮೆಯೇ ಇತ್ತು. ಅಂದ್ರೆ ಕುರ್ಚಿಯಲ್ಲಿ ಕೂತರೆ ಆಯಸ್ಸು ಕಡಿಮೆ ಆಗುತ್ತೆ ಅಂತಲ್ಲ. ಒಬ್ಬರೇ, ಬದಲಿ ಇಲ್ಲದೆ, ನಿದ್ದೆ ಬಿಟ್ಟು ಕೂರೋದು ಬೇಡ ಅಂತ ನಾನು ಓದ್ಕೊಳ್ತೀನಿ.

ಪಕ್ಕದ ಕುರ್ಚಿ

ಹಬ್ಬ ಮುಗೀತು, ಎಲ್ಲರಿಗೂ ಹೇಳೋಣ ಅಂತ ಬಂದೆ.

"ಯಾವುದು ತಪ್ಪಿಸ್ಕೊಳ್ಳೋಕೆ ಇಷ್ಟ ಇಲ್ಲ?" ಅಂತ ಬೇಸಿಗೆಮಳೆ ಅಕ್ಕ ಹೇಳಿದ ಹಾಗೇ ಕೇಳಿದೆ. ಯೋಚನೆ ಮಾಡಿ ಹೇಳಿದ್ಲು: "ಹಬ್ಬದ ಬೆಳಗ್ಗೆ ಮಕ್ಕಳನ್ನ ಎಬ್ಬಿಸೋದು." ನಾನು ಏನೇನೋ ಊಹಿಸಿದ್ದೆ, ಇದು ತಲೆಗೇ ಹೋಗಿರ್ಲಿಲ್ಲ. ಬೆಳಗ್ಗೆ ವಿಡಿಯೋ ಕಾಲ್ ಹಾಕಿ, ಅತ್ತೆ ಫೋನನ್ನ ಮಕ್ಕಳ ದಿಂಬಿನ ಹತ್ತಿರ ಇಟ್ರು, ಇವಳು ಇಲ್ಲಿಂದ ಬೈದು ಎಬ್ಬಿಸಿದ್ಲು. ಚಿಕ್ಕವನು ಯಥಾಪ್ರಕಾರ "ಇನ್ನೈದು ನಿಮಿಷ" ಅಂದ. ಆ ಐದು ನಿಮಿಷ ಇವಳು ಫೋನ್ ಕಟ್ ಮಾಡದೇ ನೋಡ್ತಾ ಇದ್ಲು.

ಚಿಕ್ಕವನಿಗೆ ಸ್ವಲ್ಪ ನೆಗಡಿ ಇತ್ತು, ಹಾಗಾಗಿ ಬರೋ ಪ್ರಶ್ನೆಯೇ ಇರ್ಲಿಲ್ಲ. ದೊಡ್ಡವಳು ಮಾಸ್ಕ್ ಹಾಕ್ಕೊಂಡು ಮಧ್ಯಾಹ್ನ ಬಂದ್ಲು, ಅಮ್ಮನ ಕಾಲಿಗೆ ಕ್ರೀಮ್ ಹಚ್ಚಿ ಹೋದ್ಲು, ಹೆಚ್ಚು ಮಾತಾಡಲಿಲ್ಲ. ನೆಂಟರಿಗೆ ನನ್ನ ಭಾವಮೈದುನ ಫೋನ್ ಮಾಡಿ ಬೇಡ ಅಂದ. ಒಬ್ಬರಿಗೆ ಕೋಪ ಬಂದಿದೆ. ಇರ್ಲಿ.

ಬದಲಿ ಡಾಕ್ಟರಿಗೆ ಎಲ್ಲಾ ಗೊತ್ತಿತ್ತು. ಎರಡನೇ ರಾತ್ರಿ ಮತ್ತೆ ಜ್ವರ ಏರಿತು, ಫೈಲ್‌ನಲ್ಲಿ ಬರೆಸಿದ್ದರಿಂದ ಆ್ಯಂಟಿಬಯೋಟಿಕ್ ಬದಲಾಯಿಸೋಕೆ ಯಾರನ್ನೂ ಕಾಯಬೇಕಾಗಲಿಲ್ಲ. ಅವತ್ತು ರಾತ್ರಿ ಇವಳು ಹಳೇರೋಗಿ ಅಕ್ಕ ಬರೆದಂಥ ಮಾತೊಂದನ್ನ ಎತ್ತಿದ್ಲು. "ಹೇಳು" ಅಂದೆ. ಏನು ಹೇಳಿದ್ಲು ಅಂತ ಇಲ್ಲಿ ಬರೆಯಲ್ಲ.

ಕೌಂಟ್ ನಿಧಾನಕ್ಕೆ ಏರ್ತಾ ಇದೆ. ಮನೆಗೆ ಯಾವಾಗ ಅಂತ ಇನ್ನೂ ಹೇಳಿಲ್ಲ.

ಹಳೇರೋಗಿ

ಬರೆಯಬೇಡಿ ಸರ್. ಅದು ನಿಮ್ಮಿಬ್ಬರದು. ಕೋಪ ಬಂದ ನೆಂಟರಿಗೆ ಕೌಂಟ್ ಏರಿದ ಮೇಲೆ ಇವರ ಕೈಯಲ್ಲೇ ಒಂದು ಫೋನ್ ಮಾಡಿಸಿ, ಇಳಿಯುತ್ತೆ.

ತೆಂಕಣಗಾಳಿ

ಇದೇ ಥ್ರೆಡ್‌ನಲ್ಲಿ ಕೇಳಬಹುದಾ? ನನ್ನ ಗಂಡನಿಗೆ ಸ್ಟ್ರೋಕ್ ಆಗಿ ನಿನ್ನೆ ಐಸಿಯುನಿಂದ ವಾರ್ಡಿಗೆ ಹಾಕಿದ್ದಾರೆ. ಬಲಗೈ, ಮಾತು ಎರಡೂ ಇಲ್ಲ. ನಾಡಿದ್ದು ನಮ್ಮ ಮದುವೆಯ ದಿನ. ಅವರಿಗೆ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ. ಹೇಳಬೇಕಾ, ಸುಮ್ಮನಿರಬೇಕಾ?

ರಾತ್ರಿಪಾಳಿ

ಕೇಳಿ ಮೇಡಂ, ಜಾಗ ಇದ್ದೇ ಇದೆ. ಮಾತು ಹೋದವರಿಗೆಲ್ಲ ಅರ್ಥ ಆಗೋದು ಹೋಗಿರಲ್ಲ, ಆದರೆ ಎಷ್ಟು ಉಳಿದಿದೆ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ. ಸ್ಪೀಚ್ ಥೆರಪಿಸ್ಟ್ ನೋಡಿದ್ದಾರಾ? ನೋಡಿಲ್ಲ ಅಂದ್ರೆ ನಾಳೆ ರೌಂಡ್ಸ್‌ನಲ್ಲಿ ಕೇಳಿ. ನುಂಗೋದನ್ನ ಪರೀಕ್ಷೆ ಮಾಡಿ ಓಕೆ ಅನ್ನೋತನಕ ಬಾಯಿಗೆ ಏನೂ ಹಾಕಬೇಡಿ, ಒಂದು ಗುಟುಕು ನೀರೂ ಬೇಡ, ಮದುವೆ ದಿನ ಅಂತ ಸಿಹಿಯೂ ಬೇಡ. ಹೇಳೋದಂತೂ ಹೇಳಿ. ಎಡಗಡೆ ಕೂತ್ಕೊಳ್ಳಿ, ಆ ಕೈಯಲ್ಲಿ ಅವರಿಗೆ ನಿಮ್ಮ ಕೈ ಗಟ್ಟಿಯಾಗಿ ಹಿಡಿಯೋಕಾಗುತ್ತೆ. ಮದುವೆ ಫೋಟೋ ಇದ್ರೆ ಮುಂದೆ ಹಿಡಿದು, ಚಿಕ್ಕ ಚಿಕ್ಕ ವಾಕ್ಯದಲ್ಲಿ ಹೇಳಿ, ಉತ್ತರಕ್ಕೆ ಕಾಯಿರಿ. ತಕ್ಷಣ ಬರಲಿಲ್ಲ ಅಂತ ಅವರ ಪರವಾಗಿ ನೀವೇ ಮಾತು ಮುಗಿಸಬೇಡಿ. ಅಳಬಹುದು, ಸ್ಟ್ರೋಕ್ ಆದವರಿಗೆ ಅಳು ನಗು ಹತೋಟಿಗೆ ಸಿಗದೇ ಬರೋದುಂಟು, ಗಾಬರಿ ಆಗಬೇಡಿ. ಯಾವ ಕಡೆ ಹೇಗೆ ಮಲಗಿಸಬೇಕು ಅಂತ ಹೇಳಿದ್ದಾರಾ? ಬಲಭುಜದ ಕೆಳಗೆ ದಿಂಬು ಇದೆಯಾ ನೋಡಿ ಹೇಳಿ.